9.7 ಮಿಲಿಮೀಟರ್ ಜೀರುಂಡೆಯನ್ನು ಪದಗಳಲ್ಲಿ ಬರೆಯುವುದು

ಕೀಟಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸವನ್ನು ಓದಿಗೆ ತಕ್ಕಂತೆ ತಿದ್ದಿ ಬರೆದ ರೂಪ ಇದು. ಅಂದು ತೆರೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲದ ಕಾರಣ ಕೆಲವು ಕಡೆ ಮಾತನ್ನು ಹಿಗ್ಗಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈ ಚಿತ್ರವನ್ನು ನೋಡಿ. ಹಸಿರು ಎಲೆಯ ಮೇಲೆ ಬೆಳ್ಳನೆಯದೇನೋ ಕುಳಿತಿದೆ. 2021ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ, ಲ್ಯಾಮಿಂಗ್ಟನ್ ರಾಷ್ಟ್ರೀಯ ಉದ್ಯಾನದ ಅಂಚಿನ ಬಿನ್ನಾ ಬುರ್ರಾ ಎಂಬಲ್ಲಿ ಬಿಡಾರ ಹೂಡಿದ್ದ ಜೇಮ್ಸ್ ಟ್ವೀಡ್ ಎಂಬ ಸಂಶೋಧನಾ ವಿದ್ಯಾರ್ಥಿಯ ಕಣ್ಣಿಗೆ ಇದು ಬಿತ್ತು. ಹಕ್ಕಿಯ ಹಿಕ್ಕೆ ಇರಬೇಕು ಎಂದುಕೊಂಡು ಮುಂದೆ ಹೋಗಬಹುದಿತ್ತು. ಅವರು ಬಾಗಿ ನೋಡಿದರು. ಮೈತುಂಬ ಉದ್ದನೆಯ ಬಿಳಿ ಕೂದಲು ಹೊತ್ತ, 9.7 ಮಿಲಿಮೀಟರ್ ಉದ್ದದ ಒಂದು ಜೀರುಂಡೆ. ಸಿಕ್ಕಿದ್ದು ಆ ಒಂದೇ ಮಾದರಿ. ಕ್ಯಾನ್‌ಬೆರಾದಲ್ಲಿರುವ ರಾಷ್ಟ್ರೀಯ ಕೀಟ ಸಂಗ್ರಹದ ತಜ್ಞರು ಅದನ್ನು ನೋಡಿ, ಇದು ಹೊಸ ಪ್ರಭೇದ ಮಾತ್ರವಲ್ಲ, ಇದನ್ನು ಇರಿಸಲು ಹೊಸ ಕುಲವೇ ಬೇಕು ಎಂದರು. 2024ರಲ್ಲಿ ಅದಕ್ಕೆ ಎಕ್ಸ್‌ಕಾಸ್ಟ್ರಾ ಅಲ್ಬೊಪಿಲೋಸಾ ಎಂಬ ಹೆಸರು ಬಂತು. ಎಕ್ಸ್‌ಕಾಸ್ಟ್ರಾ ಎಂದರೆ ಲ್ಯಾಟಿನ್ನಿನಲ್ಲಿ ‘ಬಿಡಾರದಿಂದ’ ಎಂದು. ಅಲ್ಬೊಪಿಲೋಸಾ ಎಂದರೆ ಬಿಳಿಗೂದಲಿನದು. ಸಿಕ್ಕ ಜಾಗ ಮತ್ತು ಕಂಡ ರೂಪ, ಎರಡೂ ಹೆಸರಿನೊಳಗೆ ಇವೆ.

ಸುದ್ದಿಪತ್ರಿಕೆಗಳು ಇಷ್ಟು ಬರೆದವು. ನಾನು ಇಂದು ಹೇಳಬೇಕೆಂದಿರುವುದು 2021ಕ್ಕೂ 2024ಕ್ಕೂ ನಡುವೆ ನಡೆಯುವ ಕೆಲಸದ ಬಗ್ಗೆ. ಎಲೆಯ ಮೇಲಿನ ಜೀರುಂಡೆ ವಿಜ್ಞಾನದ ಪಾಲಿಗೆ ಒಂದು ಪ್ರಭೇದವಾಗುವುದು ಯಾರೋ ಅದರ ಮೈಯನ್ನು ತಲೆಯಿಂದ ತುದಿಯವರೆಗೆ ಪದಗಳಲ್ಲಿ ಬರೆದಾಗ. ‘ಪದಗಳಲ್ಲಿ’ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಇದು ನನ್ನ ಅಭಿರುಚಿಯ ಮಾತಲ್ಲ. ಪ್ರಾಣಿಗಳಿಗೆ ಹೆಸರಿಡುವುದನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ, 1930ರ ನಂತರ ಪ್ರಕಟವಾದ ಹೊಸ ಹೆಸರಿನ ಜೊತೆ ಆ ಜೀವಿಯನ್ನು ಇತರವುಗಳಿಂದ ಬೇರೆ ಮಾಡುವ ಲಕ್ಷಣಗಳು ಪದಗಳಲ್ಲಿ ಇರಲೇಬೇಕು. ಎಷ್ಟೇ ಸ್ಪಷ್ಟವಾದ ಛಾಯಾಚಿತ್ರವೂ ಆ ಜಾಗವನ್ನು ತುಂಬುವುದಿಲ್ಲ. ಚಿತ್ರ ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ, ಯಾವುದು ಮುಖ್ಯ ಎಂದು ಹೇಳುವುದಿಲ್ಲ. ಬರೆಯುವವರು ಆರಿಸಬೇಕು, ಆರಿಸಿದ್ದಕ್ಕೆ ಜವಾಬ್ದಾರರಾಗಬೇಕು.

ಆ ಬರಹ ಯಾರಿಗಾಗಿ? ಎಷ್ಟೋ ವರ್ಷಗಳ ನಂತರ, ಬೇರೊಂದು ದೇಶದಲ್ಲಿ, ಇನ್ನೊಂದು ಜೀರುಂಡೆಯನ್ನು ಕೈಯಲ್ಲಿ ಹಿಡಿದು ‘ಇದೂ ಅದೇನಾ?’ ಎಂದು ಕೇಳುವ ಅಪರಿಚಿತರಿಗಾಗಿ. ಅವರು ನಮ್ಮ ಮಾತನ್ನು ಒಪ್ಪದಿರಬಹುದು. ನಾವು ತಪ್ಪು ಮಾಡಿದ್ದರೆ ಆ ತಪ್ಪನ್ನು ಕಂಡುಹಿಡಿಯಲು ಬೇಕಾದುದೆಲ್ಲ ಅವರಿಗೆ ನಮ್ಮ ಬರಹದಲ್ಲೇ ಸಿಗಬೇಕು. ಒಳ್ಳೆಯ ವಿವರಣೆಯನ್ನು ನಾನು ಅಳೆಯುವುದು ಈ ಒಂದು ಅಳತೆಗೋಲಿನಿಂದ.

ಮೊದಲು ಕುಟುಂಬ. ಉದ್ದ ಮೀಸೆಯ ಜೀರುಂಡೆಗಳ ಕುಟುಂಬಕ್ಕೆ ಸೆರಾಂಬಿಸಿಡೀ ಎಂದು ಹೆಸರು. ಗ್ರೀಕ್ ಪುರಾಣದಲ್ಲಿ ಸೆರಾಂಬಸ್ ಎಂಬ ಕುರಿಗಾಹಿ ಇದ್ದಾನೆ. ವನದೇವತೆಗಳನ್ನು ಹಳಿದ ಅವನನ್ನು ಅವರು ಮರ ಕೊರೆಯುವ, ಉದ್ದ ಕೊಂಬಿನ ಜೀರುಂಡೆಯಾಗಿ ಮಾಡಿದರಂತೆ. ಆ ಕೊಂಬು ಹೊತ್ತ ತಲೆ ಲೈರ್ ಎಂಬ ತಂತಿವಾದ್ಯದ ಆಕಾರದ್ದು ಎಂದು ಕಥೆ ಹೇಳುತ್ತದೆ. ಕಥೆ ಕಟ್ಟಿದವರು ಹುಳುವನ್ನು ಚೆನ್ನಾಗಿ ನೋಡಿದ್ದರು: ಮರ ಕೊರೆಯುವುದು, ಬಾಗಿದ ನೀಳ ಮೀಸೆ, ಎರಡೂ ಸರಿ. ಈ ಕುಟುಂಬದಲ್ಲಿ ಇಂದು 35,000ಕ್ಕೂ ಹೆಚ್ಚು ಪ್ರಭೇದಗಳು ಹೆಸರು ಪಡೆದಿವೆ. ದಕ್ಷಿಣ ಅಮೆರಿಕದ ಟೈಟಾನಸ್ ಜೈಗಾಂಟಿಯಸ್ 16 ಸೆಂಟಿಮೀಟರ್ ದಾಟುತ್ತದೆ. ಸಿರ್ಟೈನಸ್ ಕುಲದವು 2 ರಿಂದ 3 ಮಿಲಿಮೀಟರ್‌ನಲ್ಲೇ ಮುಗಿಯುತ್ತವೆ. ಇಷ್ಟು ವ್ಯತ್ಯಾಸವಿರುವವುಗಳನ್ನು ಒಂದೇ ಮನೆಯವರು ಎಂದು ಹೇಗೆ ಗುರುತಿಸುತ್ತೇವೆ?

ಮೀಸೆಯಿಂದ ಎಂದು ನೀವು ಹೇಳುತ್ತೀರಿ. ಅದು ನಿಜ, ಆದರೆ ಉದ್ದವೊಂದೇ ಸಾಲದು. ಗಿಡ್ಡ ಮೀಸೆಯವೂ ಈ ಕುಟುಂಬದಲ್ಲಿವೆ, ಉದ್ದ ಮೀಸೆಯವು ಬೇರೆ ಕುಟುಂಬಗಳಲ್ಲೂ ಇವೆ. ನೋಡಬೇಕಾದದ್ದು ಮೀಸೆ ಹುಟ್ಟುವ ಜಾಗವನ್ನು. ಸಾಮಾನ್ಯವಾಗಿ ಅದು ತಲೆಯ ಮೇಲಿನ ಒಂದು ಸಣ್ಣ ಉಬ್ಬಿನ ಮೇಲೆ ಕುಳಿತಿರುತ್ತದೆ, ಅದರಿಂದಾಗಿಯೇ ಬೆನ್ನಿನ ಮೇಲೆ ಹಿಂದಕ್ಕೆ ಮಡಚಿಕೊಳ್ಳಬಲ್ಲದು. ಆ ಉಬ್ಬನ್ನು ಸುತ್ತಿಕೊಂಡಂತೆ ಕಣ್ಣು. ಹಾಗಾಗಿ ಕಣ್ಣು ದುಂಡಗಿರದೆ ಮೂತ್ರಪಿಂಡದ ಆಕಾರದಲ್ಲಿ ಒಳಬಾಗಿರುತ್ತದೆ. ಉತ್ತರ ಅಮೆರಿಕದ ಟೆಟ್ರೋಪೀಸ್ ಕುಲದಲ್ಲಿ ಈ ಬಾಗು ಎಷ್ಟು ಆಳಕ್ಕೆ ಹೋಗಿದೆಯೆಂದರೆ ಕಣ್ಣು ಪೂರ್ತಿ ಎರಡಾಗಿ ಹರಿದು, ಮೀಸೆಯ ಮೇಲೊಂದು ಕೆಳಗೊಂದು ಉಳಿದಿದೆ. ಒಟ್ಟು ನಾಲ್ಕು ಕಣ್ಣು. ಹೆಸರಿನ ಅರ್ಥವೂ ಅದೇ.

ಮೂರನೆಯದು ಪಾದ, ನನಗೆ ಅತ್ಯಂತ ಪ್ರಿಯವಾದ ಲಕ್ಷಣ. ಸೂಕ್ಷ್ಮದರ್ಶಕದ ಕೆಳಗೆ ಮೊದಲ ಸಲ ಎಣಿಸುವವರು ಪಾದದಲ್ಲಿ ನಾಲ್ಕೇ ಖಂಡ ಕಾಣುತ್ತಾರೆ. ನಾನೂ ನಾಲ್ಕು ಎಂದೇ ಬರೆದುಕೊಂಡಿದ್ದೆ. ನಿಜವಾಗಿ ಇರುವುದು ಐದು. ಮೂರನೆಯ ಖಂಡ ಎರಡು ಹಾಲೆಗಳಾಗಿ ಅಗಲಿಸಿಕೊಂಡಿದೆ, ಅದರ ತಳದಲ್ಲಿ ಒತ್ತಾದ ಕೂದಲಿನ ಮೆತ್ತೆ ಇದೆ. ಹಾಲೆಗಳ ಸಂದಿಯಲ್ಲಿ, ಕೊನೆಯ ಉದ್ದ ಖಂಡದ ಬುಡದಲ್ಲಿ, ಗಂಟಿನಷ್ಟೇ ಗಾತ್ರದ ನಾಲ್ಕನೆಯದು ಅಡಗಿ ಕುಳಿತಿದೆ. ಬೆಳಕನ್ನು ಓರೆಯಾಗಿ ಬಿಟ್ಟು ಪಾದವನ್ನು ತುಸು ತಿರುಗಿಸಿದರೆ ಅದು ಕಾಣುತ್ತದೆ. ಎಲೆ ತಿನ್ನುವ ಕ್ರೈಸೊಮೆಲಿಡೀ ಜೀರುಂಡೆಗಳಲ್ಲೂ ಇದೇ ಪಾದ ಇದೆ, ಎರಡೂ ಹತ್ತಿರದ ಬಂಧುಗಳು. ಬಂಧುತ್ವ ಮೊದಲು ತಿಳಿಯುವುದು ಕಣ್ಣಿಗೆ ಬೀಳದ ಇಂಥ ಗಂಟುಗಳಿಂದ.

ಬರೆಯಲು ಕೂರುವ ಮುನ್ನ ಮಾದರಿಯನ್ನು ಸಿದ್ಧಪಡಿಸಬೇಕು. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಜೀರುಂಡೆಗೆ ಗುಂಡುಸೂಜಿ ಚುಚ್ಚುವುದು ಬೆನ್ನಿನ ನಡುವೆ ಅಲ್ಲ, ಬಲಗಡೆಯ ಮೇಲ್ರೆಕ್ಕೆಯ, ಎಂದರೆ ಬೆನ್ನನ್ನು ಮುಚ್ಚುವ ಗಟ್ಟಿ ಚಿಪ್ಪಿನ, ಮೂಲಕ. ನಡುಗೆರೆಯ ಸುತ್ತಲಿನ ರಚನೆಗಳು ಹಾಳಾಗಬಾರದು, ಒಂದು ಪಕ್ಕವಾದರೂ ಇಡಿಯಾಗಿ ಉಳಿಯಬೇಕು ಎಂಬುದು ಇದರ ಹಿಂದಿನ ಯೋಚನೆ. ಸೂಜಿಯ ಕೆಳಗೆ ಚೀಟಿ: ಜಾಗ, ಅಕ್ಷಾಂಶ ರೇಖಾಂಶ, ಎತ್ತರ, ದಿನ, ಹಿಡಿದವರ ಹೆಸರು, ಸಾಧ್ಯವಾದರೆ ಯಾವ ಗಿಡದ ಮೇಲೆ ಎಂಬುದು. ಚೀಟಿ ಕಳೆದುಹೋದ ಮಾದರಿ ಬರೀ ಒಣಗಿದ ಹುಳು. ಇಷ್ಟು ಹೇಳಿದರೆ ಸಾಕು.

ಈಗ ತಲೆ. ಸೂಕ್ಷ್ಮದರ್ಶಕದ ಕೆಳಗೆ ಹುಳುವನ್ನು ಪಕ್ಕಕ್ಕೆ ತಿರುಗಿಸಿ ಮುಖ ಯಾವ ಕಡೆ ನೋಡುತ್ತಿದೆ ಎಂದು ಕೇಳಿಕೊಳ್ಳಿ. ಕುಟುಂಬದ ಅರ್ಧಕ್ಕಿಂತ ಹೆಚ್ಚು ಪ್ರಭೇದಗಳಿರುವ ಲ್ಯಾಮಿನೀ ಎಂಬ ಉಪಕುಟುಂಬದಲ್ಲಿ ಮುಖ ಗೋಡೆಯಂತೆ ನೆಟ್ಟಗೆ ಕೆಳಕ್ಕೆ ಇಳಿದಿರುತ್ತದೆ. ದವಡೆಗಳು ನೆಲವನ್ನು ನೋಡುತ್ತವೆ. ಸೆರಾಂಬಿಸಿನೀ ಉಪಕುಟುಂಬದಲ್ಲಿ ಮುಖ ಮುಂದಕ್ಕೆ ಓರೆ. ಲೆಪ್ಟುರಿನೀಯಲ್ಲಿ ಕಣ್ಣುಗಳ ಹಿಂದೆ ತಲೆ ಸೊರಗಿ ಕತ್ತಿನಂತಾಗುತ್ತದೆ. ಆಮೇಲೆ ಬಾಯಿಯ ಬಳಿ ಬೆರಳಿನಂತೆ ನೇತಾಡುವ ಪಾಲ್ಪ್‌ಗಳನ್ನು ನೋಡಬೇಕು. ಲ್ಯಾಮಿನೀಯಲ್ಲಿ ಅವುಗಳ ಕೊನೆಯ ಖಂಡ ಮೊನಚು. ಸೆರಾಂಬಿಸಿನೀಯಲ್ಲಿ ಕತ್ತರಿಸಿದಂತೆ ಮೊಂಡು. ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ಒಂದು ಬೆರಳ ತುದಿ, ಸಾವಿರಾರು ಪ್ರಭೇದಗಳನ್ನು ಎರಡು ಗುಂಪುಗಳಾಗಿ ಬೇರ್ಪಡಿಸುತ್ತದೆ. ಇದನ್ನು ನೂರಾರು ಸಲ ನೋಡಿದ ಮೇಲೂ ನನಗೆ ಅಚ್ಚರಿ ಕಡಿಮೆಯಾಗಿಲ್ಲ.

ಮೀಸೆಗೆ ಬರೋಣ. ಬುಡದ ದಪ್ಪ ಖಂಡ ಸ್ಕೇಪ್. ಎರಡನೆಯದು ಚಿಕ್ಕ ಪೆಡಿಸೆಲ್. ಮೀಸೆಯ ಅಲುಗಾಟವನ್ನು ಗ್ರಹಿಸುವ ಅಂಗ ಇದರೊಳಗಿದೆ. ಉಳಿದ ಒಂಬತ್ತು ಖಂಡಗಳು ಸೇರಿ ಚಾಟಿ. ಒಟ್ಟು 11 ಎಂಬುದು ರೂಢಿಯ ಲೆಕ್ಕ, ಪ್ರಿಯೋನಸ್ ಕುಲದಲ್ಲಿ ಇದಕ್ಕಿಂತ ಹೆಚ್ಚು. ವಿವರಣೆಯಲ್ಲಿ ‘ಮೀಸೆ ಉದ್ದವಾಗಿದೆ’ ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ. ಮೇಲ್ರೆಕ್ಕೆಯ ತುದಿಯನ್ನು ಎಷ್ಟನೆಯ ಖಂಡದಲ್ಲಿ ದಾಟುತ್ತದೆ ಎಂದು ಬರೆಯಬೇಕು. ಮೂರನೆಯ ಖಂಡ ಸ್ಕೇಪ್‌ಗಿಂತ ಉದ್ದವೋ ಗಿಡ್ಡವೋ, ನಾಲ್ಕನೆಯದು ಮೂರನೆಯದರ ಎಷ್ಟರಷ್ಟು, ಸ್ಕೇಪ್‌ನ ತುದಿಯಲ್ಲಿ ಕಲೆಯಂಥ ಒರಟು ಪ್ರದೇಶ ಇದೆಯೋ ಇಲ್ಲವೋ, ಖಂಡಗಳ ಕೊನೆಯಲ್ಲಿ ಮುಳ್ಳಿದೆಯೋ, ಕೂದಲ ಕುಚ್ಚಿದೆಯೋ, ಇದೆಲ್ಲ ಬೇಕು. ಯೂರೋಪಿನ ನೀಲಿ ಬಣ್ಣದ ರೊಸಾಲಿಯಾ ಆಲ್ಪೈನಾದ ಮೀಸೆಯ ಗೆಣ್ಣುಗಳಲ್ಲಿ ಕಪ್ಪು ಕುಚ್ಚುಗಳಿವೆ, ಬೆಟ್ಟು ಮಾಡಿ ತೋರಿಸಬಹುದಾದಷ್ಟು ಸ್ಪಷ್ಟವಾಗಿ. ಜೊತೆಗೆ ಗಂಡು ಯಾವುದು ಹೆಣ್ಣು ಯಾವುದು ಎಂಬುದನ್ನು ಹೇಳದೆ ಮೀಸೆಯ ಉದ್ದ ಬರೆಯಲೇಬಾರದು. ಅಕಾಂತೊಸೈನಸ್ ಈಡಿಲಿಸ್ ಎಂಬ ಜೀರುಂಡೆಯಲ್ಲಿ ಗಂಡಿನ ಮೀಸೆ ದೇಹದ ಹಲವು ಪಟ್ಟು ಉದ್ದ. ಹೆಣ್ಣಿನದು ಅದಕ್ಕಿಂತ ಬಹಳ ಗಿಡ್ಡ. ಲಿಂಗ ಬರೆಯದಿದ್ದರೆ ಮುಂದೆ ಯಾರಾದರೂ ಒಂದೇ ಪ್ರಭೇದದ ಗಂಡುಹೆಣ್ಣುಗಳಿಗೆ ಎರಡು ಹೆಸರು ಇಟ್ಟುಬಿಡುತ್ತಾರೆ. ಇಂಥದ್ದು ಕೀಟಶಾಸ್ತ್ರದಲ್ಲಿ ಮತ್ತೆ ಮತ್ತೆ ನಡೆದಿದೆ.

ಮೀಸೆಯ ತುದಿಯ ಬಗ್ಗೆ ಒಂದು ಪ್ರಸಂಗ ಹೇಳಲೇಬೇಕು. ದಕ್ಷಿಣ ಅಮೆರಿಕದಲ್ಲಿ ಒನಿಕೊಸೆರಸ್ ಅಲ್ಬಿಟಾರ್ಸಿಸ್ ಎಂಬ ಜೀರುಂಡೆ ಇದೆ. 1859ರಲ್ಲೇ ಅದಕ್ಕೆ ಹೆಸರಿಡಲಾಗಿತ್ತು. ಮೀಸೆಯ ಕೊನೆಯ ಖಂಡ ಉಬ್ಬಿ, ಕೊನೆಗೆ ಸೂಜಿಯಂತೆ ಬಾಗಿರುವುದು ಬರಿಗಣ್ಣಿಗೂ ಕಾಣುವ ವಿಷಯ. ಒನಿಕೊಸೆರಸ್ ಎಂದರೇ ಉಗುರುಗೊಂಬು. ಆದರೆ ಆ ಉಗುರಿನ ತುದಿಯಲ್ಲಿ ಎರಡು ರಂಧ್ರಗಳಿವೆ, ಅದರೊಳಗೆ ವಿಷದ ಗ್ರಂಥಿ ಇದೆ, ಅದು ಚೇಳಿನ ಕೊಂಡಿಯಂತೆಯೇ ಕೆಲಸ ಮಾಡುತ್ತದೆ ಎಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಹಾಯದಿಂದ ಖಚಿತವಾಗಿ ಪ್ರಕಟವಾದದ್ದು 2008ರಲ್ಲಿ. ಮೀಸೆಯಿಂದ ವಿಷ ಚುಚ್ಚುವ ಕೀಟ ಅದಕ್ಕೂ ಮುಂಚೆ ಗೊತ್ತಿರಲಿಲ್ಲ. ನಡುವೆ ಸುಮಾರು 150 ವರ್ಷ. ಹಾಗೆಂದು ಮೊದಲು ವಿವರಿಸಿದವರು ಸೋತರು ಎಂದು ನಾನು ಹೇಳುವುದಿಲ್ಲ. ಆಕಾರವನ್ನು ಹೆಸರಿನಲ್ಲೇ ಕಾಪಿಟ್ಟಿದ್ದರು. ಅದು ಏಕೆ ಹಾಗಿದೆ ಎಂದು ಕೇಳುವವರು ಬಂದಾಗ ಎಲ್ಲಿ ನೋಡಬೇಕು ಎಂಬುದು ಸಿದ್ಧವಿತ್ತು. ವಿವರಿಸುವವರು ಕಾರ್ಯವನ್ನು ಊಹಿಸಬೇಕಿಲ್ಲ, ರೂಪವನ್ನು ಬಿಡಬಾರದು.

ತಲೆಯ ಹಿಂದೆ ಎದೆಯ ಮೊದಲ ಭಾಗ. ಅದರ ಬೆನ್ನಹಲಗೆಗೆ ಪ್ರೋನೋಟಮ್ ಎನ್ನುತ್ತಾರೆ. ಪಕ್ಕದಲ್ಲಿ ಮುಳ್ಳಿದೆಯೇ, ಗುಬುಟಿದೆಯೇ, ನುಣುಪೇ ಎಂದು ಬರೆಯುತ್ತೇವೆ. ದೊಡ್ಡ ದೇಹದವುಗಳಿರುವ ಪ್ರಿಯೋನಿನೀ ಉಪಕುಟುಂಬದಲ್ಲಿ ಪಕ್ಕದ ಅಂಚು ಏಣಿನಂತೆ ಚೂಪಾಗಿರುತ್ತದೆ, ಎಷ್ಟೋ ಸಲ ಗರಗಸದ ಹಲ್ಲುಗಳೂ ಇರುತ್ತವೆ. ನಿಮ್ಮಲ್ಲಿ ಉದ್ದಮೀಸೆಯ ಜೀರುಂಡೆಯನ್ನು ಕೈಯಲ್ಲಿ ಹಿಡಿದವರು ಇದ್ದರೆ ಅದು ಕಿರ್ ಕಿರ್ ಎಂದು ಶಬ್ದ ಮಾಡಿದ್ದನ್ನು ಕೇಳಿರುತ್ತೀರಿ. ಆ ಶಬ್ದ ಬಾಯಿಯದಲ್ಲ. ಪ್ರೋನೋಟಮ್‌ನ ಹಿಂದಂಚಿನ ಒಳಗೆ, ಎದೆಯ ಎರಡನೆಯ ಭಾಗದ ಬೆನ್ನಿನ ಮೇಲೆ, ಬಹಳ ಸಣ್ಣ ಗೀರುಗಳ ಒಂದು ಅರ ಇದೆ. ಹುಳು ತಲೆಯನ್ನೂ ಎದೆಯ ಮುಂಭಾಗವನ್ನೂ ಮೇಲೆ ಕೆಳಗೆ ಆಡಿಸಿದಾಗ ಅಂಚು ಆ ಅರದ ಮೇಲೆ ತೀಡುತ್ತದೆ. ಲ್ಯಾಮಿನೀ, ಸೆರಾಂಬಿಸಿನೀಗಳಲ್ಲಿ ಆ ಅರ ಅಖಂಡ. ಲೆಪ್ಟುರಿನೀಯಲ್ಲಿ ನಡುವೆ ಗೆರೆಯೊಂದು ಅದನ್ನು ಎರಡು ಮಾಡುತ್ತದೆ. ಹೀಗೆ ಹುಳುವಿನ ಗಲಾಟೆಗೂ ವಂಶಾವಳಿಯಲ್ಲಿ ಜಾಗವಿದೆ.

ಮೇಲ್ರೆಕ್ಕೆಗಳನ್ನು ಬರೆಯುವಾಗ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ ಎಂದು ನನ್ನ ಅನುಭವ. ಕಾರಣ ಬಣ್ಣ. ‘ಮೇಲ್ರೆಕ್ಕೆ ಬೂದು’ ಎಂದು ಬರೆಯುತ್ತಾರೆ. ಬೂದು ಯಾವುದು, ಚಿಪ್ಪೋ ಅದರ ಮೇಲಿನ ಕೂದಲೋ? ಚಿಪ್ಪು ಕಪ್ಪಾಗಿದ್ದು ಮೇಲೆ ಬಿಳಿ ಕೂದಲು ತೆಳುವಾಗಿ ಹಾಸಿದ್ದರೆ ಕಣ್ಣಿಗೆ ಬೂದು ಕಾಣುತ್ತದೆ. ಆ ಹುಳು ಮರದ ತೊಗಟೆಗೆ ಮೈಯುಜ್ಜಿ, ಕೂದಲು ಸವೆದ ಮೇಲೆ ಸಿಕ್ಕರೆ ಅದೇ ಪ್ರಭೇದ ಕಪ್ಪಾಗಿ ಕಾಣುತ್ತದೆ. ಕೋಶದಿಂದ ಆಗತಾನೇ ಹೊರಬಂದದ್ದಾದರೆ ಚಿಪ್ಪು ಗಟ್ಟಿಯಾಗುವ ಮುನ್ನ ಮಾಸಲು ಕಂದು. ಒಂದೇ ಪ್ರಭೇದಕ್ಕೆ ಮೂರು ಬಣ್ಣ. ಆದ್ದರಿಂದ ಚಿಪ್ಪಿನ ಬಣ್ಣವನ್ನು ಒಂದು ವಾಕ್ಯದಲ್ಲಿ, ಕೂದಲಿನದನ್ನು ಇನ್ನೊಂದರಲ್ಲಿ ಬರೆಯಬೇಕು. ಕೂದಲಿನಲ್ಲೂ ಮಲಗಿದ ಕೂದಲು ಬೇರೆ, ಎದ್ದುನಿಂತ ಕೂದಲು ಬೇರೆ. ಅದರ ಜೊತೆ ಚಿಪ್ಪಿನ ಮೇಲಿನ ಗುಳಿಗಳು: ಎಷ್ಟು ಒತ್ತಾಗಿವೆ, ತುದಿಯ ಕಡೆಗೆ ಹೋಗುತ್ತಾ ಸಣ್ಣಗಾಗುತ್ತವೆಯೇ, ಎರಡು ಗುಳಿಗಳ ನಡುವಿನ ಅಂತರ ಒಂದು ಗುಳಿಯ ಅಗಲಕ್ಕಿಂತ ಹೆಚ್ಚೋ ಕಡಿಮೆಯೋ. ಕೊನೆಗೆ ಮೇಲ್ರೆಕ್ಕೆಯ ತುದಿ: ದುಂಡೋ, ಅಡ್ಡ ಕತ್ತರಿಸಿದಂತಿದೆಯೋ, ಮುಳ್ಳಾಗಿ ಚಾಚಿದೆಯೋ.

ಇಷ್ಟು ಕಟ್ಟುನಿಟ್ಟು ಏಕೆ ಎಂದರೆ, ಏಷ್ಯಾದ ಎರಡು ಜೀರುಂಡೆಗಳನ್ನು ನೋಡಿ. ಅನೊಪ್ಲೊಫೊರಾ ಗ್ಲಾಬ್ರಿಪೆನ್ನಿಸ್ ಮತ್ತು ಅನೊಪ್ಲೊಫೊರಾ ಚೈನೆನ್ಸಿಸ್. ಎರಡೂ ಹೊಳೆಯುವ ಕಪ್ಪು, ಎರಡರ ಮೇಲೂ ಬಿಳಿ ಚುಕ್ಕೆಗಳು, ಮೀಸೆಯ ಮೇಲೆ ಕಪ್ಪುಬಿಳುಪು ಪಟ್ಟೆಗಳು. ದೂರದಿಂದ ಒಂದೇ. ಹತ್ತಿರದಿಂದ ನೋಡಿದರೆ ಚೈನೆನ್ಸಿಸ್‌ನ ಮೇಲ್ರೆಕ್ಕೆಯ ಬುಡದಲ್ಲಿ ಸಣ್ಣ ಸಣ್ಣ ಗುಬುಟುಗಳ ಗುಂಪಿದೆ. ಗ್ಲಾಬ್ರಿಪೆನ್ನಿಸ್‌ನಲ್ಲಿ ಆ ಜಾಗ ನುಣುಪು; ಆ ಹೆಸರಿನ ಅರ್ಥವೇ ನುಣುಪು ರೆಕ್ಕೆ. ಹತ್ತೊಂಬತ್ತನೆಯ ಶತಮಾನದ ನಡುವೆ ಇಟ್ಟ ಆ ಹೆಸರು 1996ರಲ್ಲಿ ನ್ಯೂಯಾರ್ಕಿನ ಮರಗಳಲ್ಲಿ ಈ ಹುಳು ಸಿಕ್ಕಾಗ ಇದ್ದಕ್ಕಿದ್ದಂತೆ ತುರ್ತಿನ ಮಾತಾಯಿತು. ಸರಕಿನ ಮರದ ಪೆಟ್ಟಿಗೆಗಳ ಒಳಗೆ ಅದು ಸಾಗರ ದಾಟಿತ್ತು. ಅಂದಿನಿಂದ ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಗ್ಲಾಬ್ರಿಪೆನ್ನಿಸ್‌ನ ಮರಿಹುಳುಗಳು ಹೆಚ್ಚಾಗಿ ಕಾಂಡದ ಮೇಲ್ಭಾಗ ಮತ್ತು ಕೊಂಬೆಗಳನ್ನು ಕೊರೆಯುತ್ತವೆ, ಚೈನೆನ್ಸಿಸ್‌ನವು ಕಾಂಡದ ಬುಡ ಮತ್ತು ಬೇರುಗಳನ್ನು. ಮರದ ಕೆಳಗೆ ನಿಂತ ಪರೀಕ್ಷಕರು ಕತ್ತು ಎತ್ತಿ ನೋಡಬೇಕೋ, ಮಂಡಿಯೂರಿ ಬೇರು ನೋಡಬೇಕೋ ಎಂಬುದು ಮೇಲ್ರೆಕ್ಕೆಯ ಬುಡದ ಆ ಗುಬುಟುಗಳಿಂದ ತೀರ್ಮಾನವಾಗುತ್ತದೆ.

ನಮ್ಮ ಬಿಳಿಗೂದಲಿನ ಹುಳುವಿಗೆ ಬರೋಣ. ಅದರ ಕೂದಲು ಏತಕ್ಕೆ? ಶಿಲೀಂಧ್ರ ತಗುಲಿ ಸತ್ತ ಕೀಟದ ಮೈಮೇಲೆ ಬಿಳಿ ಎಳೆಗಳು ಹೊರಬರುವುದನ್ನು ನೀವು ನೋಡಿರಬಹುದು. ಹಕ್ಕಿಗಳ ಕಣ್ಣಿಗೆ ತಾನು ಹಾಗೆ ಸತ್ತ ಕೀಟದಂತೆ ಕಾಣಲೆಂದು ಈ ಕೂದಲು ಇರಬಹುದು ಎಂದು ಟ್ವೀಡ್ ಊಹಿಸಿದ್ದಾರೆ. ಚೆಲುವಾದ ಊಹೆ, ಅದನ್ನು ಊಹೆಯೆಂದೇ ಅವರು ಹೇಳಿದ್ದೂ ಸರಿ. ಕೂದಲು ಇದೆ, ಬಿಳಿಯಾಗಿದೆ, ಎದ್ದು ನಿಂತಿದೆ, ಇಷ್ಟುದ್ದ ಇದೆ ಎಂಬುದು ವಿವರಣೆ. ಅದು ಏತಕ್ಕೆ ಎಂಬುದಕ್ಕೆ ಬೇರೆ ಪುಟ ಬೇಕು. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದರೆ ಊಹೆ ತಪ್ಪಾದ ದಿನ ವಿವರಣೆಯ ಮೇಲೂ ಅನುಮಾನ ಬೀಳುತ್ತದೆ.

ಹುಳುವನ್ನು ಅಂಗಾತ ಮಾಡೋಣ. ಛಾಯಾಚಿತ್ರಗಳಲ್ಲಿ ಬಹುತೇಕ ಎಂದೂ ಕಾಣದ, ಕುಲಗಳನ್ನು ನಿರ್ಧರಿಸುವವರು ಮೊದಲು ನೋಡುವ ಕಡೆ ಇದು. ಕಾಲುಗಳು ದೇಹಕ್ಕೆ ಸೇರುವಲ್ಲಿ ಒಂದೊಂದು ಕುಳಿ ಇದೆ. ಮುಂಗಾಲಿನ ಕುಳಿ ಹಿಂದಕ್ಕೆ ತೆರೆದಿದೆಯೇ, ಮುಚ್ಚಿದೆಯೇ? ನಡುಗಾಲಿನ ಕುಳಿಯ ಹೊರಪಕ್ಕ ಎದೆಯ ಪಕ್ಕದ ಫಲಕವನ್ನು ಮುಟ್ಟುತ್ತದೆಯೇ, ಅಥವಾ ನಡುವೆ ಬೇರೆ ಫಲಕಗಳು ಬಂದು ಮುಚ್ಚಿವೆಯೇ? ಕಾಲು ಮುರಿಯದಂತೆ, ಕುಳಿಯಲ್ಲಿ ಸೇರಿದ ಧೂಳನ್ನು ಒಂದೇ ಎಳೆಯ ಕುಂಚದಿಂದ ತೆಗೆದು, ಬೆಳಕಿನ ಕೋನವನ್ನು ಬದಲಿಸುತ್ತಾ ಬದಲಿಸುತ್ತಾ ನೋಡಬೇಕು. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಬಹುದು, ಬರಹದಲ್ಲಿ ಮೂರು ಪದವಾಗುತ್ತದೆ. ಅಲ್ಲೇ ಮುಂಗಾಲಿನ ಒಳಬದಿಯನ್ನೂ ನೋಡಿ. ಲ್ಯಾಮಿನೀಗಳಲ್ಲಿ ಓರೆಯಾದ ಒಂದು ತೋಡು, ಅದರಲ್ಲಿ ಒತ್ತಾದ ಕೂದಲು. ಹುಳು ಮೀಸೆಯನ್ನು ಆ ತೋಡಿನಲ್ಲಿ ಎಳೆದು ಶುಚಿ ಮಾಡಿಕೊಳ್ಳುತ್ತದೆ. ಆಮೇಲೆ ಹೊಟ್ಟೆಯ ಐದು ಖಂಡಗಳು. ಕೊನೆಯದರ ತುದಿ ದುಂಡೋ, ಒಳಬಾಗಿದೆಯೋ ಎಂಬುದರಿಂದ ಹಲವು ಸಲ ಗಂಡುಹೆಣ್ಣಿನ ಸುಳಿವು ಸಿಗುತ್ತದೆ.

ದೇಹದೊಳಗಿನ ಜನನಾಂಗಗಳನ್ನೂ ವಿವರಿಸಬೇಕಾಗುತ್ತದೆ. ಹೊರಗಿನಿಂದ ಬೇರ್ಪಡಿಸಲಾಗದ ಎರಡು ಪ್ರಭೇದಗಳು ಗಂಡಿನ ಜನನಾಂಗದ ಆಕಾರದಲ್ಲಿ ಸ್ಪಷ್ಟವಾಗಿ ಬೇರೆಯಾಗುವುದುಂಟು. ಒಣಗಿದ ಮಾದರಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಹೊಟ್ಟೆಯ ತುದಿಯಿಂದ ಆ ಭಾಗವನ್ನು ಹೊರತೆಗೆದು, ತೆಳುವಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಸ್ನಾಯುಗಳನ್ನು ಕರಗಿಸುತ್ತಾರೆ. ಗಟ್ಟಿ ಭಾಗ ಮಾತ್ರ ಉಳಿಯುತ್ತದೆ. ಅದನ್ನು ಗ್ಲಿಸರಿನ್ ತುಂಬಿದ ಪುಟ್ಟ ಶೀಶೆಯಲ್ಲಿಟ್ಟು ಅದೇ ಹುಳುವಿನ ಸೂಜಿಗೆ ಸಿಕ್ಕಿಸುತ್ತಾರೆ. ಎರಡೂ ಎಂದೂ ಅಗಲಬಾರದು.

ಅಳತೆಯ ಮಾತು. ಉದ್ದದ ಸಂಖ್ಯೆಯನ್ನು ನಾನು ನಂಬುವುದು ಕಡಿಮೆ, ಅನುಪಾತವನ್ನು ನಂಬುವುದು ಹೆಚ್ಚು. ಈ ಜೀರುಂಡೆಗಳ ಮರಿಹುಳು ಮರದೊಳಗೆ ಬೆಳೆಯುತ್ತದೆ. ಪ್ರೌಢ ಹುಳು ಎಷ್ಟು ದೊಡ್ಡದಾಗುತ್ತದೆ ಎಂಬುದು ಮರಿಹುಳುವಿಗೆ ಸಿಕ್ಕ ಮರ ಎಷ್ಟು ಪುಷ್ಟಿಯದು ಎಂಬುದನ್ನು ಅವಲಂಬಿಸಿದೆ. ಒಂದೇ ಪ್ರಭೇದದಲ್ಲಿ ಒಂದು ಇನ್ನೊಂದರ ಎರಡರಷ್ಟು ಇರಬಹುದು. ಕಣ್ಣಿನ ಕೆಳಹಾಲೆಯ ಎತ್ತರಕ್ಕೂ ಅದರ ಕೆಳಗಿನ ಕೆನ್ನೆಯ ಎತ್ತರಕ್ಕೂ ಇರುವ ಸಂಬಂಧ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಆದರೆ ಗಂಡುಗಳಲ್ಲಿ ದೇಹ ದೊಡ್ಡದಾದಂತೆ ಮೀಸೆ, ಮುಂಗಾಲು, ದವಡೆಗಳು ಇನ್ನೂ ವೇಗವಾಗಿ ಬೆಳೆಯುವುದುಂಟು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಅಕ್ರೊಸೈನಸ್ ಲಾಂಜಿಮ್ಯಾನಸ್‌ನ ಗಂಡಿನ ಮುಂಗಾಲು ದೇಹಕ್ಕಿಂತಲೂ ಉದ್ದ. ಅಲ್ಲಿ ಕಾಲಿನ ಅನುಪಾತವನ್ನು ಒಂದೇ ಗಂಡಿನಿಂದ ಬರೆದರೆ ಮೋಸ ಹೋಗುತ್ತೇವೆ.

ಎಲ್ಲ ನೋಡಿ ಮುಗಿದ ಮೇಲೆ ಬರಹ ಹೀಗಿರುತ್ತದೆ. ಉದಾಹರಣೆಗೆಂದು ನಾನೇ ಕಟ್ಟಿದ್ದು, ಯಾವ ನಿಜವಾದ ಹುಳುವಿನದೂ ಅಲ್ಲ: ‘ತಲೆ: ಹಣೆ ಅಗಲಕ್ಕಿಂತ ಎತ್ತರ, ಗುಳಿಗಳು ವಿರಳ, ಕಣ್ಣಿನ ಕೆಳಹಾಲೆ ಕೆನ್ನೆಯ ಎರಡರಷ್ಟು ಎತ್ತರ. ಮೀಸೆ: 11 ಖಂಡ; ಏಳನೆಯದರ ತುದಿ ಮೇಲ್ರೆಕ್ಕೆಯ ತುದಿಯನ್ನು ಮುಟ್ಟುತ್ತದೆ; ಮೂರನೆಯದು ಸ್ಕೇಪ್‌ಗಿಂತ ಉದ್ದ.’ ಕ್ರಿಯಾಪದಗಳು ಅಪರೂಪ, ವಿಶೇಷಣಗಳಿಗೆ ಲೆಕ್ಕವಿದೆ. ಕೇಳಲು ಒಣಗಿದಂತಿದೆ ಎಂದು ನಿಮಗೆ ಅನ್ನಿಸಬಹುದು. ನನಗೆ ಇದು ಒಂದು ಶಿಸ್ತಿನ ಪದ್ಯದಂತೆ ಕೇಳುತ್ತದೆ. ‘ಸುಂದರ’ ಎಂಬ ಪದ ಇದರಲ್ಲಿ ಇಲ್ಲ, ಏಕೆಂದರೆ ಮುಂದೆ ಓದುವವರ ಕೈಯಲ್ಲಿರುವ ಹುಳುವನ್ನು ‘ಸುಂದರ’ದಿಂದ ಗುರುತಿಸಲಾಗುವುದಿಲ್ಲ. ಆದರೆ ಅಷ್ಟು ಹೊತ್ತು ಒಂದು ಹುಳುವನ್ನು ನೋಡಿದವರಿಗೆ ಅದರ ಚೆಲುವು ಗೊತ್ತಿಲ್ಲ ಎಂದು ದಯವಿಟ್ಟು ತಿಳಿಯಬೇಡಿ.

ಈ ಪದಗಳ ಜೊತೆ ಒಂದು ಮಾದರಿಯನ್ನು ಹೋಲೋಟೈಪ್ ಎಂದು ಗೊತ್ತುಮಾಡುತ್ತಾರೆ. ಹೆಸರು ಶಾಶ್ವತವಾಗಿ ಅಂಟಿಕೊಳ್ಳುವುದು ಆ ಒಂದು ದೇಹಕ್ಕೆ. ರೂಢಿಯಂತೆ ಅದರ ಸೂಜಿಗೆ ಕೆಂಪು ಚೀಟಿ. 1999ರ ನಂತರ ಪ್ರಕಟವಾದ ಹೊಸ ಪ್ರಭೇದಕ್ಕೆ ಹೀಗೆ ಮಾದರಿಯನ್ನು ಸ್ಪಷ್ಟವಾಗಿ ಗೊತ್ತುಮಾಡದಿದ್ದರೆ ಹೆಸರು ಸಿಂಧುವಾಗುವುದಿಲ್ಲ. ಪದಗಳಲ್ಲಿ ನಾವು ಏನನ್ನಾದರೂ ಬಿಟ್ಟಿದ್ದರೆ ದೇಹ ಅಲ್ಲಿದೆ, ಹೋಗಿ ನೋಡಬಹುದು.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಡಿಎನ್ಎ ಇರುವಾಗ ಈ ಗುಳಿ, ಗುಬುಟು, ಕೂದಲುಗಳ ಲೆಕ್ಕ ಏಕೆ? ಡಿಎನ್ಎ ಬೇಕು, ಇಂದು ಹಲವರು ಒಂದು ಕಾಲಿನಿಂದ ಅದನ್ನು ತೆಗೆದು, ಬಾರ್‌ಕೋಡ್ ಎಂದು ಕರೆಯುವ 658 ಅಕ್ಷರಗಳ ತುಣುಕನ್ನು ವಿವರಣೆಯ ಜೊತೆಯೇ ಪ್ರಕಟಿಸುತ್ತಾರೆ. ಆದರೆ ಸ್ವೀಡನ್ನಿನ ನಿಸರ್ಗವಿಜ್ಞಾನಿ ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆ ಹೀಗೆ ಹೆಸರಿಡುವುದನ್ನು ಆರಂಭಿಸಿದಂದಿನಿಂದ ಸೇರಿದ ಮಾದರಿಗಳು ಸಂಗ್ರಹಾಲಯಗಳ ಪೆಟ್ಟಿಗೆಗಳಲ್ಲಿ ಇವೆ. ಅವುಗಳಲ್ಲಿ ಬಹುಪಾಲಿನ ಡಿಎನ್ಎ ಯಾರೂ ಓದಿಲ್ಲ, ಹಳೆಯವುಗಳಲ್ಲಿ ಅದು ಚೂರುಚೂರಾಗಿದೆ. ಹೊಸದು ನಿಜಕ್ಕೂ ಹೊಸದೇ ಎಂದು ಹೇಳಬೇಕಾದರೆ ಅವುಗಳೊಡನೆ ಹೋಲಿಸಲೇಬೇಕು, ಹೋಲಿಸಲು ಇರುವುದು ಮೈ. ಇನ್ನೊಂದು, ಬಂದರಿನಲ್ಲಿ ಮರದ ಪೆಟ್ಟಿಗೆ ಬಿಚ್ಚುವವರ ಕೈಯಲ್ಲಿ ಇರುವುದು ಭೂತಗನ್ನಡಿ.

ಇನ್ನೊಬ್ಬರು: ಎಕ್ಸ್‌ಕಾಸ್ಟ್ರಾದ ಒಂದೇ ಮಾದರಿ ಸಿಕ್ಕಿದೆ ಎಂದಿರಿ, ಒಂದರಿಂದ ಪ್ರಭೇದ ಹೇಳಬಹುದೇ? ಮತ್ತೆ ಹುಡುಕಿದಾಗಲೂ ಎರಡನೆಯದು ಸಿಗಲಿಲ್ಲ, ನಿಜ. ನಿಯಮ ಒಂದನ್ನು ಒಪ್ಪುತ್ತದೆ. ಸಂಗ್ರಹದಲ್ಲಿರುವ ಯಾವುದಕ್ಕೂ ಹೋಲದಷ್ಟು ದೂರದ ರಚನೆಯಾದರೆ ಕಾಯುವುದಕ್ಕಿಂತ ಬರೆಯುವುದು ಒಳ್ಳೆಯದು ಎಂದು ನಾನು ಭಾವಿಸುತ್ತೇನೆ. ಹೆಸರಿಲ್ಲದ ಹುಳುವನ್ನು ಯಾರೂ ಹುಡುಕುವುದಿಲ್ಲ. ಒಂದೇ ಲಿಂಗದ ಮಾದರಿ ಸಿಕ್ಕಾಗ ವಿವರಣೆಯ ಕೊನೆಯಲ್ಲಿ ‘ಗಂಡು ತಿಳಿದಿಲ್ಲ’ ಅಥವಾ ‘ಹೆಣ್ಣು ತಿಳಿದಿಲ್ಲ’ ಎಂದು ಒಂದು ಸಾಲು ಬರೆಯುತ್ತಾರೆ. ಅಂಥ ಸಾಲು ಕಂಡಾಗಲೆಲ್ಲ ನಾನು ಓದುವುದನ್ನು ಒಂದು ಕ್ಷಣ ನಿಲ್ಲಿಸುತ್ತೇನೆ. ಅದನ್ನು ಬರೆದವರು ತಮ್ಮ ನಂತರ ಬರುವವರಿಗೆ ಒಂದು ಕುರ್ಚಿ ಖಾಲಿ ಬಿಟ್ಟಿದ್ದಾರೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: ಹಿಡಿಯುವ ಅನುಮತಿ ಇಲ್ಲದ ಕಡೆ ವಿಚಿತ್ರವಾದ ಉದ್ದಮೀಸೆ ಕಂಡರೆ ಏನು ಮಾಡಲಿ? ಹಿಡಿಯಬೇಡಿ, ಚಿತ್ರ ತೆಗೆಯಿರಿ. ಬೆನ್ನಿನದೊಂದು ಸಾಕು. ಆಮೇಲೆ ಪಕ್ಕದಿಂದ, ಮುಖದ ಓರೆ ಕಾಣುವಂತೆ. ಎದುರಿನಿಂದ, ಕಣ್ಣು ಮತ್ತು ಕೆನ್ನೆ ಕಾಣುವಂತೆ. ಅದು ಗಾಜಿನ ಮೇಲೆ ಹತ್ತಿದರೆ ಅದೃಷ್ಟ, ಆಚೆ ಬದಿಯಿಂದ ಹೊಟ್ಟೆಯನ್ನೂ ಕಾಲಿನ ಬುಡಗಳನ್ನೂ ತೆಗೆಯಬಹುದು. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಅದು ಕುಳಿತಿದ್ದ ಗಿಡದ ಎಲೆಯದೂ ಒಂದು ಚಿತ್ರ ಇರಲಿ, ಅದರ ಮರಿಹುಳು ಎಲ್ಲಿರಬಹುದು ಎಂದು ಹುಡುಕುವವರು ಅಲ್ಲಿಂದಲೇ ಆರಂಭಿಸುತ್ತಾರೆ.